ಕೆಂಪು ವಿಮಾನದ ಹೇರ್‌ಪಿನ್

ಆ ಪ್ಯಾಚ್ ಅವಳು ಹಾಕಿದ್ದಲ್ಲ.

ಮೈದಾನದ ಕಲ್ಲುಬೆಂಚಿನ ಮೇಲೆ ಕೆಂಪು ರಿಮೋಟ್ ವಿಮಾನವನ್ನಿಟ್ಟು ಎಡರೆಕ್ಕೆಯ ಮೇಲೆ ಬೆರಳಾಡಿಸಿದ ಕೂಡಲೇ ಟೈಲರ್ ಮೇಡಂಗೆ ಗೊತ್ತಾಗಿಹೋಯಿತು. ರೆಕ್ಕೆಗೆ ಹೊದಿಸಿದ ತೆಳು ಪ್ಲಾಸ್ಟಿಕ್ ಹಾಳೆಯ ಒಂದೊಂದು ಇಂಚನ್ನೂ ತಾನೇ ಇಸ್ತ್ರಿ ಹಾಕಿ ಅಂಟಿಸಿದವಳು ಅವಳು. ಮುಂದಿನ ತುಂಡು ಹಿಂದಿನದರ ಮೇಲೆ ಕೂರಬೇಕು, ಆಗ ಗಾಳಿ ಅಂಚಿನ ಮೇಲಿಂದ ಜಾರಿಹೋಗುತ್ತದೆ. ಇಲ್ಲಿ ಅಂಗೈಯಗಲದ ಒಂದು ತುಂಡು ತಿರುಗುಮುರುಗಾಗಿ ಕೂತಿತ್ತು.

ಇಂಥ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಹಿಂದೆ ಮದುವೆ ಗೊತ್ತಾಗಿದ್ದವನ ಅಂಗಿಯಲ್ಲಿ ಬೇರೆ ಯಾರೋ ಹೊಲಿದ ಗುಂಡಿಯನ್ನು ಕಂಡು, ಆ ಯಾರೋ ಯಾರೆಂದು ಪತ್ತೆ ಹಚ್ಚಿ, ಮದುವೆಯನ್ನೇ ಮುರಿದುಕೊಂಡಿದ್ದಳು.

ಈಗ ಎದುರಿಗೆ ನಿಂತಿರುವವನು ಅವಳ ಹೊಲಿಗೆ ಅಂಗಡಿಯ ಕೆಳಗೆ ರೇಡಿಯೊ, ಮಿಕ್ಸಿ ರಿಪೇರಿ ಮಾಡುವವನು. ಬೀದಿಗೆಲ್ಲ ಅವನು 'ರಿಪೇರಿ' ಅಷ್ಟೇ. ನಾಲ್ಕು ತಿಂಗಳು ಇಬ್ಬರೂ ಸೇರಿ ಇದನ್ನು ಕಟ್ಟಿದ್ದರು. "ಮೊದಲ ಹಾರಾಟ ಇಬ್ಬರದೂ. ನಾನು ಎಸೀತೀನಿ, ನೀವು ಓಡಿಸಿ," ಎಂದು ಅವನೇ ಮಾತು ಕೊಟ್ಟಿದ್ದ. ಆಮೇಲೆ ಮೂರು ಭಾನುವಾರ ಗಾಳಿಯ ನೆಪ ಹೇಳಿ ಮುಂದೂಡಿದ. ಹೋದ ವಾರವಿಡೀ ಧೂಳು ಬೀಳುತ್ತದೆಂದು ವಿಮಾನಕ್ಕೆ ಚಾದರ ಹೊದಿಸಿಟ್ಟಿದ್ದ.

"ಇವತ್ತೂ ಗಾಳಿ ಸ್ವಲ್ಪ ಜಾಸ್ತಿ ಅನ್ಸುತ್ತೆ, ಅಲ್ವಾ?" ಎಂದ ರಿಪೇರಿ.

ಮೈದಾನದಲ್ಲಿ ಒಂದೆಲೆಯೂ ಅಲುಗಾಡುತ್ತಿರಲಿಲ್ಲ.

ಅವಳು ವಿಮಾನವನ್ನು ಮಗುಚಿದಳು. ಇನ್ನೂ ಹಾರದ ವಿಮಾನದ ಚಕ್ರಕ್ಕೆ ಒಣಹುಲ್ಲು ಸುತ್ತಿಕೊಂಡಿತ್ತು. ಹೊಟ್ಟೆಯ ಮುಚ್ಚಳ ತೆಗೆದಳು. ಬಾಲದ ಪಟ್ಟಿಯನ್ನು ಎಳೆಯುವ ತಂತಿ ಒಂದು ಕಡೆ ತುಂಡಾಗಿ, ಆ ಜಾಗದಲ್ಲಿ ಒಂದು ಕಪ್ಪು ಹೇರ್‌ಪಿನ್ ಕೂತಿತ್ತು. ಅವಳದು ಕತ್ತಿನವರೆಗಿನ ಗಿಡ್ಡ ಕೂದಲು. ಶಾಲೆ ಬಿಟ್ಟ ಮೇಲೆ ಅವಳ ತಲೆಗೆ ಪಿನ್ ಸೋಕಿದ್ದೇ ಇಲ್ಲ.

"ಇದನ್ನ ಹಾರಿಸಿದೀರಾ?"

"ಇಲ್ಲ." ಉತ್ತರ ತೀರಾ ಬೇಗ ಬಂತು.

"ಎಸೆಯೋಕೊಬ್ರು, ಓಡಿಸೋಕೊಬ್ರು ಬೇಕು ಅಂತ ಹೇಳ್ಕೊಟ್ಟಿದ್ದು ನೀವೇ. ಯಾರು ರೀ ಆ ಇನ್ನೊಬ್ರು?"

ಅವನ ಕಿವಿ ಕೆಂಪಾಯಿತು. ಸೋಲ್ಡರಿಂಗ್‌ನ ಸುಟ್ಟ ಗುರುತುಗಳಿದ್ದ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡು, "ಮೊದಲು ಹಾರಿಸೋಣ. ಆಮೇಲೆ ಹೇಳ್ತೀನಿ," ಎಂದ. ಆ ಬೆರಳುಗಳನ್ನು ನಾಲ್ಕು ತಿಂಗಳಿಂದ ಅವಳು ಕದ್ದು ಕದ್ದು ನೋಡಿದ್ದಳು. ಇವನೂ ಹಾಗೇನಾ ಅನ್ನಿಸಿತು. ಗುಂಡಿಯವನು ಹೋದಾಗ ಸಿಟ್ಟು ಬಂದಿತ್ತು. ಇವನು ಹೋದರೆ ತಡೆದುಕೊಳ್ಳಲಾರೆ ಎಂದು ಆ ಗಳಿಗೆಯಲ್ಲೇ ಅವಳಿಗೆ ತಿಳಿದದ್ದು.

ರಿಮೋಟ್ ಕೈಗೆತ್ತಿಕೊಂಡು, "ಎಸೀರಿ," ಎಂದಳು.

ಅವನು ನಾಲ್ಕು ಹೆಜ್ಜೆ ಓಡಿ ಎಸೆದ. ವಿಮಾನ ಮೂಗು ತಗ್ಗಿಸಿತು, ಹುಲ್ಲಿಗೆ ತಾಗಿಯೇಬಿಟ್ಟಿತು ಅನ್ನುವಷ್ಟರಲ್ಲಿ ಗುಂಯ್ ಎನ್ನುತ್ತ ಮೇಲೆದ್ದಿತು.

"ಹಾರ್ತಿದೆ ರೀ! ಹಾರ್ತಿದೆ!" ಅವನು ಕುಣಿದೇಬಿಟ್ಟ. ಅವಳೂ ಅರೆಗಳಿಗೆ ಪಿನ್ನನ್ನು ಮರೆತು ನಕ್ಕಳು.

ಮೈದಾನದ ಆ ತುದಿಯಲ್ಲಿ ತಿರುಗಿಸುವಾಗ ಪ್ಯಾಚಿನ ಅಂಚು ಎದ್ದು ಪಟಪಟ ಹೊಡೆದುಕೊಳ್ಳತೊಡಗಿತು. ವಿಮಾನ ಎಡಕ್ಕೆ ವಾಲಿತು.

"ಇಳಿಸಿ! ಇಳಿಸಿಬಿಡಿ!"

"ಹೇರ್‌ಪಿನ್ ಯಾರದು?"

"ಈಗಲಾ?"

"ಈಗಲೇ. ಹೇಳೋವರೆಗೂ ಇಳಿಸಲ್ಲ."

"ಅಮ್ಮಂದು!" ಅವನು ಕೂಗಿದ. "ಮೂರು ಹೊತ್ತೂ ಮೇಲಂಗಡಿ ಹುಡುಗಿ ಮಾತೇ ಆಡ್ತೀಯಲ್ಲ, ಅವಳ ಕೈಗೆ ಕೊಡೋ ಮುಂಚೆ ಸರಿಯಾಗಿದೆಯಾ ನೋಡು ಅಂತ ತಲೆ ತಿಂದ್ರು. ತಾವೇ ಬಂದು ಎಸೆದ್ರು. ಎಸೆಯೋದೇನು, ಬಟ್ಟೆ ಒಗೆಯೋ ಹಾಗೆ ನೆಲಕ್ಕೆ ಬಡಿದ್ರು! ಒಂದು ಗೇಣೂ ಹಾರಲಿಲ್ಲ, ನಿಮ್ಮಾಣೆ. ತಂತಿ ಕಿತ್ತುಬಂತು ಅಂತ ತುರುಬಿಂದ ಪಿನ್ ತೆಗೆದುಕೊಟ್ಟಿದ್ದೂ ಅವರೇ."

ಅವಳಿಗೆ ನಗು ಉಕ್ಕಿತು. ಹಲ್ಲು ಕಚ್ಚಿ ತಡೆದುಕೊಂಡಳು. "ಹೇಳೋಕೇನಾಗಿತ್ತು? ಮುರಿದಿದ್ರೆ ಸಹಿಸ್ಕೋತೀನಿ ರೀ, ಮುಚ್ಚಿಟ್ರೆ ನನ್ನ ಕೈಲಾಗಲ್ಲ. ಇನ್ನೇನು ಮುಚ್ಚಿಟ್ಟಿದೀರಾ?"

ವಿಮಾನ ಇನ್ನಷ್ಟು ವಾಲಿತು.

"ಗಾಳಿಯ ನೆಪ! ಮೂರನೇ ಭಾನುವಾರ ಅಂಟು ಒಣಗಿರ್ಲಿಲ್ಲ. ಮೊದಲೆರಡು ಸಲ ಏನೂ ಆಗಿರ್ಲಿಲ್ಲ, ಸುಮ್ನೆ ಸುಳ್ಳು ಹೇಳಿದೆ. ಇದು ಹಾರಿಬಿಟ್ರೆ ನೀವು ಮೆಟ್ಟಿಲಿಳಿದು ಬರೋದು ನಿಂತುಹೋಗುತ್ತೆ ಅಂತ ಭಯ. ನೀವಂದ್ರೆ ನಂಗೆ ಇಷ್ಟ, ತುಂಬಾ ಇಷ್ಟ. ಇನ್ನಾದ್ರೂ ಇಳಿಸ್ರೀ!"

ಅವಳು ರಿಮೋಟಿನ ಕಡ್ಡಿ ಎಳೆದಳು. ವಿಮಾನ ಇಳಿಯಿತು, ಪುಟಿಯಿತು, ಪಲ್ಟಿ ಹೊಡೆಯಿತು. ಇಬ್ಬರೂ ಓಡಿದರು. ಒಂದು ಚಕ್ರ ಕಳಚಿತ್ತು. ಎಡರೆಕ್ಕೆ ಪ್ಯಾಚಿನ ಹತ್ತಿರವೇ ಮುರಿದಿತ್ತು.

"ಹದಿನೈದು ದಿನದ ಕೆಲಸ," ಎಂದ, ದುಃಖ ತಂದುಕೊಳ್ಳಲು ಹೆಣಗಾಡುತ್ತ. ಆಮೇಲೆ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. "ಅಲ್ಲಾ, ನನ್ನ ಕಂಪ್ಯೂಟರ್‌ನ ವಿಮಾನದಾಟದಲ್ಲಿ ನೂರು ಸಲ ಇಳಿಸಿದೀರಾ, ಒಂದ್ಸಲಾನೂ ಹೀಗೆ ಬೀಳಿಸಿಲ್ಲ. ಬೇಕಂತಲೇ ಮಾಡಿದ್ರಾ?"

"ಅನುಮಾನ ಪಡೋದು ನನ್ನ ಕೆಲಸ. ನೀವು ಚಕ್ರ ಹುಡುಕಿ."

ಅವನು ಹುಲ್ಲಲ್ಲಿ ಮಂಡಿಯೂರಿ ಹುಡುಕತೊಡಗಿದ. ಅವಳು ತಂತಿಯಿಂದ ಹೇರ್‌ಪಿನ್ ಬಿಡಿಸಿ, ಉಗುರಿನಿಂದ ನೆಟ್ಟಗೆ ಮಾಡಿ, ಸೂಜಿ ಚುಚ್ಚಿಕೊಳ್ಳುವ ಕಡೆ, ಕಾಲರಿಗೆ ಸಿಕ್ಕಿಸಿಕೊಂಡಳು.

"ಅದ್ಯಾಕೆ ತೆಗೆದ್ರಿ?"

"ನಿಮ್ಮಮ್ಮನಿಗೆ ವಾಪಸ್ ಕೊಡ್ಬೇಕಲ್ಲ."

"ಕೊಡಿ, ನಾನೇ ಕೊಡ್ತೀನಿ."

"ನಿಮ್ಮನ್ನ ನಂಬಿದ್ದು ಸಾಕು," ಎಂದಳು. "ಸಂಜೆ ಮನೇಲಿರ್ತಾರಾ ಅವರು? ನಾನೇ ಬಂದು ಕೊಡ್ತೀನಿ."