ಎರಡು ಸೆಕೆಂಡಿನ ಕೆಂಪು ಬಾವುಟ

ತನುಜ ಬಾಗಿಲಿಗೆ ನೀರು ಹಾಕಿ ರಂಗೋಲಿ ಡಬ್ಬಿ ಕೈಗೆ ತೆಗೆದುಕೊಂಡಿದ್ದಳಷ್ಟೇ. ಮನೆ ಮುಂದೆ ನೀಲಿ ಕಾರೊಂದು ಗಕ್ಕನೆ ನಿಂತಿತು.

ಇಳಿದವನನ್ನು ನೋಡಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಚಲಪತಿ!

ನಿನ್ನೆ ಗೌರಿಬಿದನೂರಿನ ಹೊರಗಿನ ಮೈದಾನದಲ್ಲಿ ಆಟೋಕ್ರಾಸ್ ಇತ್ತು. ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಒಬ್ಬೊಬ್ಬರೇ ಕಾರು ಓಡಿಸಬೇಕು. ಯಾರ ಸಮಯ ಕಡಿಮೆಯೋ ಅವರು ಗೆದ್ದಂತೆ. ಕೋನ್ ಕಾಯಲು, ಎಂದರೆ ಕಾರು ತಗಲುತ್ತದೋ ಎಂದು ಕಣ್ಣಿಡಲು, ಹೋಗಿದ್ದ ತನುಜ, ಇವನ ಕಾರಿಗೆ ಕೆಂಪು ಬಾವುಟ ಎತ್ತಿದ್ದಳು. ಎರಡು ಸೆಕೆಂಡ್ ದಂಡ. ಕೈಗೆ ಬಂದಿದ್ದ ಕಪ್ ಹೋಗಿತ್ತು.

'ಜಗಳಕ್ಕೇ ಬಂದಿದ್ದಾನೆ...'

"ಕೋನ್‌ಗೆ ನಿಮ್ಮ ಕಾರು ತಗಲಿದ್ದು ನಾನು ಕಣ್ಣಾರೆ ನೋಡಿದೀನಿ ಕಣ್ರೀ!" ಎಂದಳು ಮೊದಲೇ.

"ತಗಲ್ತು. ಇಲ್ಲ ಅಂದೋರ್ ಯಾರು? ಆ ಚೊಂಬು ಕೊಡಿ ಇಲ್ಲಿ."

ಚೊಂಬನ್ನು ನೆಲಕ್ಕಿಟ್ಟು ಸುತ್ತ ರಂಗೋಲಿ ಪುಡಿಯಲ್ಲಿ ಚೌಕ ಎಳೆದ. ಬೆರಳಿನಿಂದ ಮೆಲ್ಲಗೆ ತಳ್ಳಿದ.

"ಕೋನ್ ಸುತ್ತ ಹೀಗೇ ಗೆರೆ ಎಳೆದಿರ್ತಾರೆ. ನೋಡಿ, ಜರುಗಿದೆ. ಆದ್ರೆ ನಿಂತಿದೆ, ಗೆರೆ ಬಿಟ್ಟಿಲ್ಲ. ಇದಕ್ಕೆ ದಂಡ ಇಲ್ಲ. ಬಿದ್ರೆ, ಇಲ್ಲಾ ಪೂರ್ತಿ ಗೆರೆ ದಾಟಿದ್ರೆ ಮಾತ್ರ ಎರಡು ಸೆಕೆಂಡ್."

ತನುಜಳ ಮುಖ ಕೆಂಪಾಯಿತು. ಅವಳು ಕುಡುಮಲಕುಂಟೆಯ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸದವಳು. ಸಾಸಿವೆಯಷ್ಟು ಕಲೆ ಇದ್ದರೂ ಅಂಗಿ ಪಕ್ಕಕ್ಕೆ! ಮೈದಾನದಲ್ಲೂ ಅದೇ ಕಣ್ಣಲ್ಲಿ ನೋಡಿದ್ದಳು.

"ಇದನ್ನ ನಿನ್ನೆ ಅಲ್ಲೇ ಹೇಳಬಾರದಿತ್ತಾ?"

"ಅಷ್ಟು ಜನರ ಮುಂದೆ ನೀವು ತಲೆ ತಗ್ಗಿಸೋ ಹಾಗೆ ಮಾಡ್ಲಾ?"

ಅವಳು ಅಲ್ಲೇ ನಿಂತು ಆಯೋಜಕ ಮೋಹನ್‌ಬಾಬುಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡಳು.

"ಸರಿಯಮ್ಮ, ಸರಿ ಮಾಡಣ. ಗೆದ್ದೋನ ಹತ್ರ ಕಪ್ ಕಿತ್ಕೊಳೋಕೆ ಮಾತ್ರ ನೀನೂ ಬರ್ಬೇಕು!"

ಫೋನಿನ ಮಾತು ಕೇಳಿ ತನುಜ, ಚಲಪತಿ ಇಬ್ಬರೂ ನಕ್ಕರು. ಗಂಡ ತೀರಿಕೊಂಡು ನಾಲ್ಕು ವರ್ಷದ ಮೇಲೆ ಹೀಗೆ ನಕ್ಕಿದ್ದು ಇದೇ ಮೊದಲು ಎಂದು ತನುಜಳಿಗೆ ಆಮೇಲೆ ಹೊಳೆಯಿತು.

ಆಮೇಲೆ ಆಗಾಗ ಮನೆಗೆ ಬರತೊಡಗಿದ ಚಲಪತಿ, ಆರು ತಿಂಗಳ ನಂತರ ಕೇಳಿಯೇಬಿಟ್ಟ. "ಮದುವೆ ಆಗಣ ಕಣ್ರೀ."

ಮನಸ್ಸು ಹೂಂ ಎಂದಿತು. ಆದರೆ ಹರಿತಾ? ಅವನು ಬಂದಾಗಲೆಲ್ಲ ಹತ್ತು ವರ್ಷದ ಮಗಳು ಎದ್ದುಹೋಗಿ, ಒಳಗಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಏನೆಂದು ಕೇಳಿದರೆ ಪುಸ್ತಕ ತೆರೆದು ಕೂರುತ್ತಿದ್ದಳು.

'ಮಗಳಿಗೆ ಬೇಡದ್ದು ನನಗೂ ಬೇಡ...'

"ಇನ್ಮೇಲೆ ಬರಬೇಡಿ."

ಅವನು ವಾದ ಮಾಡಲಿಲ್ಲ. ಮೂರು ವಾರ ಆ ಕಡೆ ಸುಳಿಯಲೂ ಇಲ್ಲ. ಬೀದಿಯಲ್ಲಿ ಕಾರಿನ ಸದ್ದಾದರೆ ಸಾಕು, ತನುಜ ಬಾಗಿಲಿಗೆ ಬರುತ್ತಿದ್ದಳು.

ಮುಂದಿನ ಆಟೋಕ್ರಾಸ್‌ಗೆ ಕೋನ್ ಕಾಯಲು ಹೊರಟಾಗ ಹರಿತಾ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೈದಾನದಲ್ಲಿ ದೂರದಿಂದ ಚಲಪತಿ ಕಂಡಿದ್ದೇ ತಡ, ಅಮ್ಮನ ಕೈ ಬಿಡಿಸಿಕೊಂಡು ನೇರ ಅವನ ಮುಂದೆ ಹೋಗಿ ನಿಂತಳು. ತನುಜ ಹಿಂದೆಯೇ ಓಡಿದಳು.

ಹುಡುಗಿ ಅವನ ಅಂಗಿ ಹಿಡಿದೆಳೆದಳು.

"ಅಂಕಲ್... ನೀವು ನಮ್ಮನೆಗೆ ಬಂದ್ರೆ ನಮ್ಮಪ್ಪನ ಫೋಟೋ ತೆಗೀಬೇಕಾ?"

ತನುಜಳಿಗೆ ಈಗ ಅರ್ಥವಾಯಿತು. ಅಯ್ಯೋ! ಆ ಫೋಟೋ ಇರುವುದು ಒಳಗಿನ ಕೋಣೆಯಲ್ಲೇ. ಮಗು ಮುನಿಸಿಕೊಂಡು ಹೋಗುತ್ತಿರಲಿಲ್ಲ... ಕಾವಲಿಗೆ ಹೋಗುತ್ತಿತ್ತು!

ಚಲಪತಿ ಮಣ್ಣಲ್ಲೇ ಮಂಡಿಯೂರಿದ.

"ಯಾಕಮ್ಮ ತೆಗೀಬೇಕು? ಅದು ಅವರ ಮನೆ. ಅವರಿಗೆ ಕೈ ಮುಗಿದೇ ನಾನು ಒಳಗೆ ಬರೋದು."

"ಮತ್ತೆ ಇಷ್ಟು ದಿನ ಯಾಕೆ ಬರ್ಲಿಲ್ಲ?"

"ನಾನೇ ಬೇಡ ಅಂದಿದ್ದೆ ಕಂದಾ..." ತನುಜ ಮಗಳ ಹೆಗಲ ಮೇಲೆ ಕೈಯಿಟ್ಟಳು.

ಚಲಪತಿ ತಲೆಯೆತ್ತಿ ಅವಳನ್ನೇ ನೋಡಿದ. "ಈಗ?"

"ಈಗ... ಊಟಕ್ಕೆ ಬನ್ನಿ."

"ಇವತ್ತಾ?"

"ದಿನಾ."