ಹರಿದ ಸೆರಗು

ಬೇತಮಂಗಲದ ಹತ್ತಿರ ನಮ್ಮದು ಅರ್ಧ ಎಕರೆ ಹಿಪ್ಪುನೇರಳೆ ತೋಟ. ಹೋದ ವರ್ಷ ಒಂದು ದಿನ, ಮಟಮಟ ಮಧ್ಯಾಹ್ನ, ರೇಷ್ಮೆಹುಳಕ್ಕೆ ಸೊಪ್ಪು ಕೊಯ್ಯುವಾಗ ಕುಡುಗೋಲು ಬೆರಳಿಗೆ ತಗುಲಿತು. ಸಾಲಿನ ಆಚೆಯಿಂದ ಮುದುಕಿಯೊಬ್ಬಳು ಬಂದು, ಯಾವುದೋ ಸೊಪ್ಪಿನ ರಸ ಹಿಂಡಿ, ತನ್ನ ಮಾಸಿದ ಸೆರಗನ್ನೇ ಹರಿದು ಕಟ್ಟಿದಳು. ಆ ಬಿಸಿಲಲ್ಲೂ ಅವಳ ಕೈ ಮಡಕೆ ನೀರಿನಷ್ಟು ತಣ್ಣಗಿತ್ತು. ನನಗೆ ಜೊಂಪು ಹತ್ತಿತು.

“ಯಾರ ಮನೇವ್ರಮ್ಮಾ?” ಎಂದೆ.

“ಗಂಡನ ಎಸ್ರು ಎಂಗ್ ಯೇಳಾದು, ಅದೂ ನಿಮ್ಮೆದ್ರಿಗೆ?” ಎಂದು ನಾಚಿದಳು.

ಕಣ್ಣು ಬಿಟ್ಟಾಗ ಅವಳಿರಲಿಲ್ಲ.

ಮನೆಯಲ್ಲಿ ಹೆಂಡತಿ ತ್ರಿವೇಣಿ ಕಟ್ಟು ನೋಡಿ ಬೆಚ್ಚಿದಳು. “ಇದು ನನ್ ಸೀರೆ ಅಂಚಲ್ವೇನ್ರೀ?”

ಹಿಂದಿನ ದಿನವಷ್ಟೇ ಬಂಗಾರಪೇಟೆಯಲ್ಲಿ ಕೊಂಡ ಸೀರೆ, ಮಡಿಕೆಯನ್ನೂ ಬಿಚ್ಚಿರಲಿಲ್ಲ. ತೆಗೆದು ನೋಡಿದೆವು. ಅದೇ ಅಂಚು, ಅದೇ ನವಿಲು. ಎಲ್ಲೂ ಹರಿದಿರಲಿಲ್ಲ.

ಈಗ ತ್ರಿವೇಣಿ ಆ ಸೀರೆಯನ್ನೇ ಉಟ್ಟು ತೋಟಕ್ಕೆ ಬರುತ್ತಾಳೆ. ಸೆರಗು ಇನ್ನೂ ಹರಿದಿಲ್ಲ.