ಐದನೆಯ ಗೋಪುರ

"ಬಾಯಲ್ಲಿ ಒಂದು ಹಲ್ಲು ಉದುರಿದ ಹಾಗಿದೆ ಕಣೇ!" ಎಂದು ವಿಸೆಂತ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಕಿತೇರಿಯ ತುದಿಗಾಲಲ್ಲಿ ನಿಂತಳು. ತಲೆ ಮೇಲಿನ ರಟ್ಟಿನ ಗೋಪುರ ಮೂಗಿನವರೆಗೆ ಜಾರಿತು. "ಸುಮ್ನಿರೋ ಲೈಟ್ ಕಂಬ!"

ಸೊಬ್ರೆಲಾದಲ್ಲಿ ಅಂದು ಹಬ್ಬವೋ ಹಬ್ಬ. ಅವರ ಪಟ್ಟಣ ಹೋದ ತಿಂಗಳಷ್ಟೇ ನಗರವಾಗಿತ್ತು. ಆ ದೇಶದಲ್ಲಿ ಊರಿನ ಲಾಂಛನದ ಮೇಲಿನ ಕಿರೀಟಕ್ಕೆ ಹಳ್ಳಿಯಾದರೆ ಮೂರು ಗೋಪುರ, ಪಟ್ಟಣವಾದರೆ ನಾಲ್ಕು, ನಗರವಾದರೆ ಐದು. ಐದೂ ಬೆಳ್ಳಿ ಬಣ್ಣ, ಐದೂ ಒಂದೇ ಎತ್ತರ. ಪುರಸಭೆಯ ಮೆಟ್ಟಿಲ ಮೇಲೆ ಶಾಲೆಯ ಮಕ್ಕಳೇ ಲಾಂಛನವಾಗಿ ನಿಲ್ಲಬೇಕಿತ್ತು. ಮುಂದೆ ಅಗಲವಾದ ಬಟ್ಟೆ. ಅದರಲ್ಲಿ ತೊಗಟೆ ಸುಲಿದ ಕೆಂಪು ಕಾಂಡದ ಕಾರ್ಕ್ ಮರ, ಎರಡು ಜೇನುಹುಳ. ಬಟ್ಟೆಯ ಮೇಲಂಚಿನಲ್ಲಿ ಐದು ತಲೆ, ಐದು ಗೋಪುರ. ಐದನೆಯದು, ಕಿತೇರಿಯಳದು, ಮಾತ್ರ ಒಂದು ಗೇಣು ಗಿಡ್ಡ.

"ಹತ್ತು ನಿಮಿಷ ಟೈಮ್ ಇದೆ ಪುಟ್ಟಾ," ಎಂದರು ದಿಯೊಲಿಂಡಾ ಟೀಚರ್. "ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಜಾಗಕ್ಕೆ ದೊಡ್ಡ ಕ್ಲಾಸಿನ ಹುಡುಗೀನ ಕರೀಬೇಕಾಗತ್ತೆ."

ವಾರವಿಡೀ ಗೋಪುರಗಳಿಗೆ ಹಚ್ಚಿದ ಬೆಳ್ಳಿ ಬಣ್ಣ ಕಿತೇರಿಯಳ ಉಗುರಲ್ಲಿ ಇನ್ನೂ ಇತ್ತು! ಓಡಿದಳು. ಅಲಂಕಾರಕ್ಕೆ ಇಟ್ಟಿದ್ದ ಮೂರು ಕಾರ್ಕ್ ಹಲಗೆ ಹೊತ್ತು ತಂದಳು. ಒಂದರ ಮೇಲೊಂದು ಇಟ್ಟು ಹತ್ತಿದಳು.

"ನೋಡಿ ಟೀಚರ್! ಸಮ ಆಯ್ತು!"

ಸಮವೇನೋ ಆಯಿತು, ಆದರೆ ಹಲಗೆ ಅಲ್ಲಾಡಿತು. ಕಿತೇರಿಯ ವಿಸೆಂತನ ಮೇಲೆ, ವಿಸೆಂತ್ ಪಕ್ಕದವನ ಮೇಲೆ, ಅವನು ಅದರಾಚೆಯವಳ ಮೇಲೆ... ಧಡ್, ಧಡ್, ಧಡ್! ಇಡೀ ನಗರವೇ ಬಟ್ಟೆ ಸುತ್ತಿಕೊಂಡು ಬಿತ್ತು.

ನೋಡುಗರ ಮುಂದಿನ ಸಾಲಲ್ಲಿ ಕೇಕ್ ತಿನ್ನುತ್ತಿದ್ದವಳು ಪಕ್ಕದ ಪಟ್ಟಣದಿಂದ ಬಂದಿದ್ದ ಕಿತೇರಿಯಳ ಎರ್ಮೀನಿಯ ಅತ್ತೆ. "ನಮ್ಮೂರಿನ ನಾಲ್ಕು ಗೋಪುರ ನಾನೂರು ವರ್ಷದಿಂದ ನಿಂತಿವೆ ಕಣ್ರೋ," ಎಂದು ಕಣ್ಣೊರೆಸಿಕೊಂಡು ನಕ್ಕಳು. "ನಿಮ್ಮ ಐದು, ನಾಲ್ಕು ನಿಮಿಷಾನೂ ನಿಲ್ಲಲಿಲ್ವಲ್ಲ!"

ಮಕ್ಕಳು ತಡವರಿಸಿಕೊಂಡು ಎದ್ದು ಕೂತರು. ಕಿತೇರಿಯ ಪಕ್ಕಕ್ಕೆ ನೋಡಿದಳು. ವಿಸೆಂತನ ಕಿವಿ ಹೆಚ್ಚುಕಡಿಮೆ ಅವಳ ಕಿವಿಯ ಮಟ್ಟಕ್ಕೇ ಇತ್ತು! ಅವನ ಉದ್ದವೆಲ್ಲ ಕಾಲಲ್ಲೇ ಇತ್ತು.

"ಯಾರೂ ಏಳ್ಬೇಡಿ!" ಎಂದು ಕಿರುಚಿದಳು. "ಟೀಚರ್, ಬಟ್ಟೇನ ಇನ್ನೂ ಕೆಳಗೆ ಕಟ್ಟಿ! ಹಿಂದೆ ನಾವು ಕೂತಿದ್ರೆ ಯಾರಿಗೆ ಕಾಣತ್ತೆ?"

ಟೀಚರ್ ಬಟ್ಟೆ ಬಿಡಿಸಿ ಕೆಳಗೆ ಕಟ್ಟಿದರು. ಕಿತೇರಿಯ ಒಂದೇ ಒಂದು ಹಲಗೆಯ ಮೇಲೆ ಕೂತಳು. ಐದೂ ಸಮ! ಎರ್ಮೀನಿಯ ಅತ್ತೆ ಎರಡೆರಡು ಸಲ ಎಣಿಸಿ, ಬೇರೆ ದಾರಿ ಕಾಣದೆ ಇನ್ನೊಂದು ಕೇಕ್ ಬಾಯಿಗಿಟ್ಟುಕೊಂಡಳು.

ಬ್ಯಾಂಡು ಶುರುವಾಯಿತು. ಚೌಕದ ತುಂಬ ಜನ. ಬಟ್ಟೆಯ ಹಿಂದೆ ಯಾರೋ ಕಿತೇರಿಯಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ವಿಸೆಂತ್, ಕೈ ಬಿಡೋ, ನೋಯತ್ತೆ."

"ಎಷ್ಟೊಂದು ಜನ ಕಣೇ..." ಅವನ ಧ್ವನಿ ಇಲಿಮರಿಯದಂತಿತ್ತು. "ಯಾರಿಗೂ ಹೇಳ್ಬೇಡ, ಆಯ್ತಾ?"

ಅವನ ಅಂಗೈ ಒದ್ದೆಯಾಗಿತ್ತು. ಇಷ್ಟು ಉದ್ದದ ಹುಡುಗನೂ ಹೀಗೆ ಹೆದರಬಹುದೆಂದು ಕಿತೇರಿಯ ಅಂದುಕೊಂಡೇ ಇರಲಿಲ್ಲ. ಅಣಕಿಸಲು ಒಳ್ಳೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಹಿಡ್ಕೋ," ಎಂದಳು.

ಅಷ್ಟರಲ್ಲಿ ಪುರಸಭೆಯ ಹಿಂದೆ ಪಟಾಕಿ ಢಂ ಎಂದಿತು. ಐದು ಗೋಪುರಗಳೂ ಬೆಚ್ಚಿ, ಒಟ್ಟಿಗೇ ಮೇಲೆ ಹಾರಿ, ಒಟ್ಟಿಗೇ ಕೆಳಗೆ ಕೂತವು. ಅದೂ ಆಟದ ಭಾಗವೇ ಎಂದುಕೊಂಡ ಜನ ಚಪ್ಪಾಳೆ ತಟ್ಟುತ್ತ, ಇನ್ನೊಂದು ಪಟಾಕಿ ಹಚ್ಚಿ ಎಂದು ಕೂಗತೊಡಗಿದರು.